ಆರು ಚಕ್ರದ ನೀಲಿ ಕಾರು



ಕ್ರಿಸ್ಮಸ್ ಮುಗಿದು ಗೋದಲಿ ಬಿಚ್ಚಿಟ್ಟ ಮೇಲೆ ಉಳಿದ ಬಣ್ಣದ ಡಬ್ಬಗಳನ್ನು ಏನು ಮಾಡುವುದೆಂದು ಮಾತು ಬಂದಾಗ ನಮ್ಮ ಕೂಟದ ಒಬ್ಬ ಹುಡುಗ ಮನೆಗೆ ಓಡಿ ಒಂದು ಪೆಟ್ಟಿಗೆ ತಂದ. ಗಲ್ಫಿನಲ್ಲಿರುವ ಮಾವ ರಜೆಗೆ ಬಂದಾಗ ಕೊಟ್ಟದ್ದಂತೆ. ಕಾಸರಗೋಡಿನ ಕಡೆ ಗಲ್ಫಿನಿಂದ ಏನೇನು ಬರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಇದು ಟಾರ್ಚೂ ಅಲ್ಲ, ಸೆಂಟೂ ಅಲ್ಲ. ಜಪಾನಿನ ಟಮಿಯಾ ಕಂಪೆನಿಯ ಪ್ಲಾಸ್ಟಿಕ್ ಮಾಡೆಲ್. ನಿಜವಾದ ರೇಸ್ ಕಾರಿನ ಇಪ್ಪತ್ತನೇ ಒಂದು ಅಳತೆಯದ್ದು. ಒಳಗೆ ಚೌಕಟ್ಟಿಗೆ ಅಂಟಿಕೊಂಡ ನೂರಾರು ತುಂಡುಗಳು. ಟೈರುಗಳನ್ನು ಎಣಿಸಿದ ಹುಡುಗ ಕೇಳಿದ:

“ಅಣ್ಣ, ಇವರಿಗೆ ಲೆಕ್ಕ ತಪ್ಪಿದೆಯಾ? ಆರು ಟೈರು ಉಂಟು.”

ಲೆಕ್ಕ ತಪ್ಪಿರಲಿಲ್ಲ. ಅದು ಟೈರೆಲ್ ಪಿ34. ಆರು ಚಕ್ರಗಳಲ್ಲಿ ಓಡಿ ಫಾರ್ಮುಲಾ ಒನ್ ರೇಸ್ ಗೆದ್ದ ಕಾರು ಜಗತ್ತಿನಲ್ಲಿ ಇದೊಂದೇ. ಅದನ್ನು ಜೋಡಿಸಿ ಬಣ್ಣ ಹಚ್ಚುತ್ತ ಕಳೆದ ಸಂಜೆಗಳಲ್ಲಿ ಹುಡುಗರಿಗೆ ಹೇಳಿದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಮರದ ಡಿಪೋದಲ್ಲಿ. ಒಂದಲ್ಲ, ಎರಡು.

ಮೊದಲನೆಯದು ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಓಕಮ್ ಎಂಬ ಹಳ್ಳಿಯಲ್ಲಿ. ಕೆನ್ ಟೈರೆಲ್ ಮರದ ವ್ಯಾಪಾರಿ. ಮರ ಕಡಿಸುವ ಕೆಲಸದಿಂದಲೇ ಗೆಳೆಯರು ಅವರನ್ನು ‘ಚಾಪರ್’ ಎಂದು ಕರೆಯುತ್ತಿದ್ದರು. ಮರದ ರಾಶಿಗಳ ನಡುವಿನ ಶೆಡ್ಡಿನಲ್ಲಿ ಅವರ ರೇಸ್ ತಂಡ ಕೆಲಸ ಮಾಡುತ್ತಿತ್ತು. ಜಗತ್ತನ್ನು ಗೆದ್ದ ಕಾರುಗಳು ಹೊರಟದ್ದು ಅಲ್ಲಿಂದ. ಜಾಕಿ ಸ್ಟುವರ್ಟ್ 1971ರಲ್ಲೂ 1973ರಲ್ಲೂ ಚಾಂಪಿಯನ್ ಆದದ್ದು ಟೈರೆಲ್ ಕಾರುಗಳಲ್ಲಿ.

ಎರಡನೆಯದು ಜಪಾನಿನ ಶಿಜುವೊಕದಲ್ಲಿ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಯೋಶಿಯೊ ಟಮಿಯಾ ಅಲ್ಲಿ ಮರದ ಮಿಲ್ಲು ಶುರು ಮಾಡಿದರು. ಮನೆ ಕಟ್ಟುವ ಮರ ಕೊಯ್ಯುವುದು ಮುಖ್ಯ ಕೆಲಸ, ಜೊತೆಗೆ ಮಕ್ಕಳಿಗಾಗಿ ಮರದ ಹಡಗು, ವಿಮಾನಗಳ ಮಾಡೆಲ್. 1951ರಲ್ಲಿ ಬೆಂಕಿ ಬಿದ್ದು ಶೇಖರಿಸಿಟ್ಟ ಮರವೆಲ್ಲ ಸುಟ್ಟುಹೋಯಿತು. ಆ ನಷ್ಟದ ನಂತರ ಅವರು ಮರದ ವ್ಯಾಪಾರವನ್ನು ಬಿಟ್ಟು, 1953ರಿಂದ ಮಾಡೆಲ್ ತಯಾರಿಕೆಯನ್ನೇ ಹಿಡಿದರು. ಅಷ್ಟರಲ್ಲಿ ಅಮೆರಿಕದ ಪ್ಲಾಸ್ಟಿಕ್ ಮಾಡೆಲ್‌ಗಳು ಬಂದವು. ಉಜ್ಜಬೇಕಾಗಿಲ್ಲ, ಕೆತ್ತಬೇಕಾಗಿಲ್ಲ, ಅಂಟಿಸಿದರೆ ಆಯಿತು. ಮರದ ಹಡಗು ಕೊಳ್ಳುವವರು ಕಡಿಮೆಯಾದರು. ಟಮಿಯಾದವರೂ 1960ರಲ್ಲಿ ಯಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಮಾಡೆಲ್ ಮಾಡಿದರು. ಅದೇ ಹಡಗನ್ನು ಬೇರೆಯವರು ಇನ್ನೂ ಅಗ್ಗಕ್ಕೆ ಮಾರುತ್ತಿದ್ದರು. ಅಚ್ಚಿಗೆ ಸುರಿದ ಹಣ ಕೈಸೇರಲಿಲ್ಲ.

ಮೊದಲು ಬೆಂಕಿ, ಆಮೇಲೆ ನಷ್ಟ. ಅಂಗಡಿ ಮುಚ್ಚಲು ಇಷ್ಟು ಸಾಕಿತ್ತು. ಆದರೆ ಯೋಶಿಯೊರವರ ಮಗ ಶುನ್ಸಾಕು ಬಿಡುವ ಪೈಕಿಯಲ್ಲ. ಮುಂದಿನ ಮಾಡೆಲ್, ಒಂದು ಜರ್ಮನ್ ಟ್ಯಾಂಕು, ಗೆದ್ದಿತು. ಅದರೊಳಗೆ ಮೋಟಾರು, ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿ ಆಮೇಲೆ ಅಳೆದು ನೋಡಿದರೆ ಮೂವತ್ತೈದನೇ ಒಂದು ಅಳತೆ! ಇವತ್ತು ಜಗತ್ತಿನ ಎಷ್ಟೋ ಕಂಪೆನಿಗಳು ಟ್ಯಾಂಕಿನ ಮಾಡೆಲ್‌ಗಳನ್ನು ಅದೇ ಅಳತೆಯಲ್ಲಿ ಮಾಡುತ್ತವೆ. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಸಂಪ್ರದಾಯ ಅದು.

ಶುನ್ಸಾಕುಗೆ ಕಾರು ಎಂದರೆ ಹುಚ್ಚು. 1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರನ್ನು ಹನ್ನೆರಡನೇ ಒಂದು ಅಳತೆಯಲ್ಲಿ ಮಾಡಿಸಿದರು. ಆಮೇಲೆ ಪೋರ್ಶೆ ಕಾರಿನ ಮಾಡೆಲ್ ಮಾಡಬೇಕೆಂದಾಗ ಫೋಟೋ ನೋಡಿ ಸಮಾಧಾನವಾಗದೆ, ಒಂದು ನಿಜವಾದ ಪೋರ್ಶೆ 911 ಖರೀದಿಸಿ, ಸ್ಕ್ರೂ ಸ್ಕ್ರೂ ಬಿಚ್ಚಿ ಅಳತೆ ತೆಗೆದರು. ಬಿಚ್ಚಿದ್ದಾಯಿತು, ಜೋಡಿಸಲು ಪೋರ್ಶೆಯ ಇಂಜಿನಿಯರನ್ನೇ ಕರೆಸಬೇಕಾಯಿತು. ಮನೆಯ ರೇಡಿಯೋ ಬಿಚ್ಚಿ ಬೈಗುಳ ತಿಂದವರು ನಮ್ಮಲ್ಲೂ ಇದ್ದಾರೆ. ಅವರೆಲ್ಲ ಈ ಮಾತು ಕೇಳಿ ಖುಷಿಪಟ್ಟರು. ಶುನ್ಸಾಕು ತೀರಿಕೊಂಡದ್ದು 2025ರ ಜುಲೈಯಲ್ಲಿ, 90ನೇ ವಯಸ್ಸಿನಲ್ಲಿ.

ಒಬ್ಬ ಮರದ ವ್ಯಾಪಾರಿ ಕಟ್ಟಿಸಿದ ಕಾರನ್ನು ಇನ್ನೊಬ್ಬ ಮರದ ವ್ಯಾಪಾರಿಯ ಮಗ ಅಂಗೈಯಗಲಕ್ಕೆ ಇಳಿಸಿದ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಮಗೆ ಇದು ಯಾಕೋ ಹತ್ತಿರದ ಕಥೆ ಅನಿಸುತ್ತದೆ.

ಇನ್ನು ಆರು ಚಕ್ರದ ವಿಷಯ. ಆ ಕಾಲದ ರೇಸ್ ಕಾರುಗಳಲ್ಲಿ ಹೆಚ್ಚಿನವುಗಳ ಇಂಜಿನ್ ಒಂದೇ, ಕಾಸ್‌ವರ್ತ್. ಎಲ್ಲರದೂ ಒಂದೇ ಶಕ್ತಿಯಾದರೆ ಮುಂದೆ ಹೋಗುವುದು ಹೇಗೆ? ಟೈರೆಲ್ ತಂಡದ ವಿನ್ಯಾಸಕ ಡೆರೆಕ್ ಗಾರ್ಡ್‌ನರ್ ಗಾಳಿಯ ಕಡೆ ನೋಡಿದರು. ಮುಂದಿನ ದೊಡ್ಡ ಚಕ್ರಗಳು ಕಾರಿನ ಮೂತಿಗಿಂತ ಎತ್ತರಕ್ಕೆ ಎದ್ದು ನಿಂತು ಗಾಳಿಯನ್ನು ತಡೆಯುತ್ತವೆ, ಕಾರಿನ ಮುಂಭಾಗವನ್ನು ಮೇಲಕ್ಕೂ ಎತ್ತುತ್ತವೆ. ಮೂತಿಯ ಅಗಲ ಒಂದೂವರೆ ಮೀಟರ್ ಮೀರಬಾರದೆಂಬ ನಿಯಮವಿತ್ತು. ಆ ಅಗಲದ ಹಿಂದೆ ಅಡಗುವಷ್ಟು ಚಿಕ್ಕ ಚಕ್ರ ಹಾಕಿದರೆ ಗಾಳಿ ಸಲೀಸಾಗಿ ಹರಿಯುತ್ತದೆ. ಆದರೆ ಚಿಕ್ಕ ಟೈರು ಎರಡೇ ಇದ್ದರೆ ರಸ್ತೆಯ ಮೇಲೆ ಹಿಡಿತ ಸಾಲದು. ಹಾಗಾದರೆ ನಾಲ್ಕು ಹಾಕಿ! ಹತ್ತು ಇಂಚಿನ ನಾಲ್ಕು ಚಕ್ರ ಮುಂದೆ, ಎರಡು ದೊಡ್ಡವು ಹಿಂದೆ.

ಇದನ್ನು ಪುಸ್ತಕದಲ್ಲಿ ಎಷ್ಟು ಓದಿದರೂ ನನಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಮಾಡೆಲ್ ಜೋಡಿಸುವಾಗ ಹೋಯಿತು. ಹತ್ತು ಇಂಚಿನ ರಿಮ್ ಇಪ್ಪತ್ತನೇ ಒಂದು ಅಳತೆಯಲ್ಲಿ ಹದಿಮೂರು ಮಿಲಿಮೀಟರೂ ಇಲ್ಲ, ಅಂಗಿಯ ಗುಂಡಿಯಷ್ಟು. ನಾಲ್ಕನ್ನೂ ಕೂರಿಸಿ ಮೂತಿಯನ್ನು ಮೇಲಿಟ್ಟು ಎದುರಿನಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಚಕ್ರಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ! ಗಾರ್ಡ್‌ನರ್ ಹೇಳಿದ್ದು ಇದೇ. ಚಾಲಕನಿಗೂ ಕುಳಿತಲ್ಲಿಂದ ಅವು ಕಾಣುತ್ತಿರಲಿಲ್ಲ. ಅದಕ್ಕಾಗಿ ಕಾಕ್‌ಪಿಟ್ಟಿನ ಬದಿಯಲ್ಲಿ ಪುಟ್ಟ ಪಾರದರ್ಶಕ ಕಿಟಕಿ ಇಟ್ಟರು. ಮಾಡೆಲ್‌ನಲ್ಲಿ ಆ ಕಿಟಕಿಯನ್ನು ಕೊನೆಗೆ ಕೂರಿಸಿ. ಅಂಟು ಒಂದು ಹನಿ ಹೆಚ್ಚಾದರೂ ಮಂಜು ಕವಿದಂತಾಗುತ್ತದೆ. ಈ ಅಂಟು ಗೋಂದಿನ ಹಾಗೆ ಬರೇ ಹಿಡಿದುಕೊಳ್ಳುವುದಲ್ಲ, ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ.

1975ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಈ ಕಾರನ್ನು ಪತ್ರಕರ್ತರಿಗೆ ತೋರಿಸಿದರು. ಹೊದಿಕೆಯ ಅಡಿಯಲ್ಲಿ ಕಮಾನುಗಳನ್ನಿಟ್ಟು, ಮುಂದೆ ದೊಡ್ಡ ಚಕ್ರಗಳೇ ಇವೆ ಅನ್ನಿಸುವಂತೆ ಮಾಡಿದ್ದರು. ಹೊದಿಕೆ ತೆಗೆದಾಗ ತಮಾಷೆ ಎಂದುಕೊಂಡವರೂ ಇದ್ದರು. 1976ರ ಜೂನ್ 13ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಆರು ಚಕ್ರದ ಕಾರುಗಳೇ ಮೊದಲ ಎರಡು ಸ್ಥಾನ ಪಡೆದವು. ಜೋಡಿ ಶೆಕ್ಟರ್ ಮೊದಲು, ಪ್ಯಾಟ್ರಿಕ್ ಡೆಪಾಯೆ ಎರಡನೇ.

ಆ ವರ್ಷದ ಕೊನೆಯ ರೇಸು ಅಕ್ಟೋಬರ್ 24ರಂದು ಜಪಾನಿನ ಫ್ಯೂಜಿಯಲ್ಲಿ. ಫ್ಯೂಜಿ ಟ್ರ್ಯಾಕ್ ಇರುವುದು ಶಿಜುವೊಕ ಪ್ರಾಂತ್ಯದಲ್ಲೇ, ಅಂದರೆ ಟಮಿಯಾದವರ ಊರಿನ ಸೀಮೆಯಲ್ಲಿ. ಅಲ್ಲಿಗೆ ಬಂದ ನೀಲಿ ಕಾರಿನ ಮೇಲೆ ಟೈರೆಲ್ ಎಂಬ ಹೆಸರನ್ನು ಜಪಾನಿ ಅಕ್ಷರಗಳಲ್ಲಿ ಬರೆದಿದ್ದರು. ಇಂಗ್ಲೆಂಡಿನ ತಂಡ, ಫ್ರಾನ್ಸಿನ ಚಾಲಕ, ಆದರೆ ಬಂದ ಊರಿನ ಲಿಪಿ. ಗಡಿಯ ಈಚೆ ಇರುವ ನಮಗೆ ಬಸ್ಸಿನ ಬೋರ್ಡಿನ ಮೇಲೆ ಎರಡು ಕನ್ನಡ ಅಕ್ಷರ ಕಂಡರೆ ಏನನಿಸುತ್ತದೆಂದು ಗೊತ್ತಲ್ಲ? ಅಂದು ಫ್ಯೂಜಿಯ ಮಳೆಯಲ್ಲಿ ನಿಂತಿದ್ದವರಿಗೂ ಹಾಗೇ ಅನಿಸಿರಬೇಕು.

ಮಳೆ ಎಂದರೆ ಅಂತಿಂಥ ಮಳೆಯಲ್ಲ. ಮಂಜು ಬೇರೆ. ರೇಸು ಶುರುವಾಗುವುದೇ ತಡವಾಯಿತು. ಅಂದು ನಿಕಿ ಲೌಡಾ ಮಾಡಿದ್ದನ್ನು ಹೇಳದೆ ಈ ಕಾರಿನ ಕಥೆ ಹೇಳಲಾರೆ. ಆಗಸ್ಟ್ 1ರಂದು ಜರ್ಮನಿಯಲ್ಲಿ ಅವರ ಫೆರಾರಿ ಕಾರಿಗೆ ಬೆಂಕಿ ಹತ್ತಿ ಮುಖ ಸುಟ್ಟಿತ್ತು, ವಿಷಗಾಳಿ ಶ್ವಾಸಕೋಶ ಸೇರಿತ್ತು. ಆಸ್ಪತ್ರೆಯಲ್ಲಿ ಉಳಿಯುವ ನಂಬಿಕೆಯಿಲ್ಲದೆ ಗುರುಗಳು ಬಂದು ಅಂತ್ಯಾಭ್ಯಂಗ ಕೊಟ್ಟರು. ಅದೇ ಮನುಷ್ಯ ಆರು ವಾರಗಳಲ್ಲಿ ಬ್ಯಾಂಡೇಜಿನ ಮೇಲೆ ಹೆಲ್ಮೆಟ್ ಹಾಕಿ ಇಟಲಿಯಲ್ಲಿ ರೇಸಿಗಿಳಿದು ನಾಲ್ಕನೆಯವನಾಗಿ ಬಂದ. ಫ್ಯೂಜಿಗೆ ಬರುವಾಗ ಜೇಮ್ಸ್ ಹಂಟ್‌ಗಿಂತ ಲೌಡಾ ಮೂರು ಅಂಕ ಮುಂದಿದ್ದರು. ಎರಡು ಸುತ್ತು ಓಡಿಸಿ ಕಾರನ್ನು ಒಳಗೆ ತಂದು ನಿಲ್ಲಿಸಿಬಿಟ್ಟರು. ಈ ಮಳೆಯಲ್ಲಿ ಓಡಿಸುವುದು ಹುಚ್ಚುತನ, ಜೀವ ದೊಡ್ಡದು ಎಂಬುದು ಅವರ ನಿರ್ಧಾರ. ಇಂಜಿನ್ ಕೆಟ್ಟಿತೆಂದು ಹೇಳೋಣ ಎಂದು ತಂಡದವರು ಕೇಳಿದರು. ಲೌಡಾ ಒಪ್ಪಲಿಲ್ಲ. ಹಂಟ್ ಮೂರನೆಯವರಾಗಿ ಬಂದು ಒಂದೇ ಒಂದು ಅಂಕದಿಂದ ಚಾಂಪಿಯನ್ ಆದರು, 69ಕ್ಕೆ 68. ರೇಸು ಗೆದ್ದದ್ದು ಮಾರಿಯೋ ಆಂಡ್ರೆಟ್ಟಿ. ಎರಡನೆಯದಾಗಿ ಬಂದದ್ದು ಡೆಪಾಯೆಯ ಆರು ಚಕ್ರದ ಕಾರು.

ಮರುವರ್ಷ, 1977ರಲ್ಲಿ, ಟಮಿಯಾದವರು ಇಪ್ಪತ್ತನೇ ಒಂದು ಅಳತೆಯ ಗ್ರ್ಯಾಂಡ್ ಪ್ರಿ ಸರಣಿ ಶುರು ಮಾಡಿದಾಗ ಒಂದನೇ ನಂಬರ್ ಕೊಟ್ಟದ್ದು ಚಾಂಪಿಯನ್ ಹಂಟ್‌ನ ಕಾರಿಗಲ್ಲ, ಈ ಪಿ34ಕ್ಕೆ. ಎಷ್ಟೋ ವರ್ಷಗಳ ನಂತರ ಜಪಾನಿ ಅಕ್ಷರಗಳ ಫ್ಯೂಜಿ ಕಾರನ್ನೂ ತಂದರು. ನಮ್ಮ ಹುಡುಗನ ಪೆಟ್ಟಿಗೆಯಲ್ಲಿದ್ದದ್ದು ಅದು.

ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಗೋದಲಿಗೆ ತಂದ ಎನಾಮೆಲ್ ಉಳಿದಿತ್ತಲ್ಲ, ಅದರಲ್ಲೇ ಮೂತಿಗೆ ಒಂದು ಕೋಟ್ ಹೊಡೆದೆವು. ದಪ್ಪವಾಯಿತು. ಸರಿಮಾಡೋಣವೆಂದು ಅದರ ಮೇಲೆ ಲ್ಯಾಕರ್ ಸ್ಪ್ರೇ ಹೊಡೆದದ್ದೇ ತಡ, ಕಾದ ಹಾಲಿನ ಕೆನೆಯಂತೆ ಬಣ್ಣವೆಲ್ಲ ಸುಕ್ಕುಗಟ್ಟಿತು. ಲ್ಯಾಕರಿನ ತಿನ್ನರ್ ಅಡಿಯ ಎನಾಮೆಲ್ಲನ್ನು ಕಡಿಯುತ್ತದೆ. ಪೆಟ್ಟಿಗೆಯ ಹುಡುಗ ಅಳುವುದೊಂದು ಬಾಕಿ. ಎರಡು ಸಂಜೆ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ ಎಲ್ಲ ತೆಗೆದೆವು. ಆಮೇಲೆ ಸಾಬೂನಿನಿಂದ ತೊಳೆದು, ಒಣಗಿಸಿ, ಪ್ರೈಮರ್ ಹೊಡೆದು, ನೀಲಿಯನ್ನು ತೆಳುವಾಗಿ ನಾಲ್ಕು ಸಲ. ಒಂದು ಕೋಟ್ ಒಣಗದೆ ಇನ್ನೊಂದಿಲ್ಲ. ಕಿಟಕಿ ಬಾಗಿಲು ತೆರೆದಿಟ್ಟು, ಮಾಸ್ಕ್ ಹಾಕಿಕೊಂಡೇ ಮಾಡಿ. ಆ ವಾಸನೆ ಒಳ್ಳೆಯದಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಆ ಕಾಲದ ಎಷ್ಟೋ ರೇಸ್ ಕಾರುಗಳ ಬಣ್ಣವೇ ಸಿಗರೇಟ್ ಪ್ಯಾಕೆಟ್ಟಿನ ಬಣ್ಣ. ಲೋಟಸ್‌ನ ಕಪ್ಪು-ಬಂಗಾರ, ಮೆಕ್ಲಾರೆನ್‌ನ ಕೆಂಪು-ಬಿಳಿ ಎರಡೂ ಜಾಹೀರಾತು. ಮಕ್ಕಳು ಅದನ್ನೇ ಅಂಟಿಸಿ ಕಪಾಟಿನಲ್ಲಿಡುತ್ತಿದ್ದರು. 1976ರ ಟೈರೆಲ್ ಮೇಲೆ ಇದ್ದದ್ದು ಪೆಟ್ರೋಲಿನವರ ಮತ್ತು ಟೈರಿನವರ ಹೆಸರು.

1977ರಲ್ಲಿ ಆ ಕಾರು ಸೋಲತೊಡಗಿತು. ಚಿಕ್ಕ ಟೈರು ಬೇಕಾಗಿದ್ದದ್ದು ಟೈರೆಲ್ ಒಬ್ಬರಿಗೇ. ಟೈರಿನ ಕಂಪೆನಿ ಎಲ್ಲರಿಗಾಗಿ ದೊಡ್ಡ ಟೈರುಗಳನ್ನು ಸುಧಾರಿಸುತ್ತ ಹೋಯಿತು, ಚಿಕ್ಕದು ಹಿಂದೆ ಬಿತ್ತು. ಹಿಡಿತ ಸಾಲದೆ ಮುಂದಿನ ಚಕ್ರಗಳನ್ನು ಅಗಲಕ್ಕೆ ಸರಿಸಿದರು. ಆಗ ಅವು ಮೂತಿಯ ಮರೆಯಿಂದ ಹೊರಗೆ ಬಂದವು! ಯಾವುದಕ್ಕಾಗಿ ಆರು ಚಕ್ರ ಹಾಕಿದ್ದರೋ ಅದೇ ಹೋಯಿತು. ಗಾರ್ಡ್‌ನರ್ ತಂಡ ಬಿಟ್ಟರು. 1978ರಲ್ಲಿ ಟೈರೆಲ್ ನಾಲ್ಕು ಚಕ್ರಕ್ಕೆ ಮರಳಿತು, ಡೆಪಾಯೆ ಅದರಲ್ಲಿ ಮೊನಾಕೊ ಗೆದ್ದರು. 1980ರ ಆಗಸ್ಟ್ 1ರಂದು, ಲೌಡಾ ಸುಟ್ಟ ದಿನದ ಸರಿಯಾಗಿ ನಾಲ್ಕನೇ ವರ್ಷಕ್ಕೆ, ಜರ್ಮನಿಯಲ್ಲೇ ಕಾರು ಪರೀಕ್ಷಿಸುವಾಗ ಡೆಪಾಯೆ ಅಪಘಾತದಲ್ಲಿ ತೀರಿಕೊಂಡರು. 1983ರ ನಿಯಮಗಳಿಂದ ಕಾರಿಗೆ ನಾಲ್ಕೇ ಚಕ್ರ ಎಂದಾಯಿತು.

“ಹಾಗಾದರೆ ಸೋತ ಕಾರನ್ನು ಇಷ್ಟು ಕಷ್ಟಪಟ್ಟು ಕಟ್ಟಿದೆವಾ?” ಎಂದು ಇನ್ನೊಬ್ಬ ಹುಡುಗ ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಪೆಟ್ಟಿಗೆಯ ಹುಡುಗ, “ನೀನು ಸುಮ್ಮನಿರು, ಅಕ್ಷರ ಹರಿಯುತ್ತದೆ” ಎಂದ. ತಟ್ಟೆಯ ನೀರಿನಲ್ಲಿ ನೆನೆದ ಡೆಕಾಲ್ ಕಾಗದದಿಂದ ಬಿಟ್ಟುಕೊಂಡಿತ್ತು. ಕುಂಚದ ತುದಿಯಿಂದ ಅದನ್ನು ಮೆಲ್ಲಗೆ ಜಾರಿಸಿ ನೀಲಿಯ ಮೇಲೆ ಕೂರಿಸಿದ. ನಮ್ಮಲ್ಲಿ ಯಾರಿಗೂ ಓದಲು ಬಾರದ ಲಿಪಿ ಅದು. ಓರೆಯಾಗಿದೆಯೋ ನೇರವಾಗಿದೆಯೋ ಎಂದು ನೋಡಲು ಎಲ್ಲರೂ ಬಗ್ಗಿದರು.