ದಂಡು, ಪೇಟೆ ಮತ್ತು ಒಂದು ಕಳೆಯುವ ಲೆಕ್ಕ

ಇವತ್ತಿನ ಕಂತು ಒಂದು ಚಿಕ್ಕ ಲೆಕ್ಕದಿಂದ ಶುರು. ಬಿ.ಕಾಂ. ಮಾಡಿದವರಿಗೆ ನೆನಪಿರುತ್ತೆ: ಪಟ್ಟಿಯಲ್ಲಿರೋ ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆದರೆ ರೇಂಜ್, ಅಂದರೆ ವ್ಯಾಪ್ತಿ. ಆದರೆ ಎರಡು ಪಟ್ಟಿ ಸೇರಿಸಿದಾಗ?

ಶಿವಾಜಿನಗರ, ಹಲಸೂರಿನ ಹಳಬರು ಮೆಜೆಸ್ಟಿಕ್ ಕಡೆ ಹೊರಟರೆ "ಸಿಟಿಗೆ ಹೋಗಿಬರ್ತೀನಿ" ಅಂತಾರಲ್ಲ, ಅದರ ಹಿಂದೆ ಇತಿಹಾಸ ಇದೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ವಾಪಸ್ ಬಂತು, ದಂಡು ಪ್ರದೇಶ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಹಾಗಾಗಿ ಜನಗಣತಿಯಲ್ಲೂ ಎರಡು ಬೆಂಗಳೂರು. (ಕೆ.ಆರ್. ಪುರ ಎರಡರಲ್ಲೂ ಇಲ್ಲ, ಇಂದಿರಾನಗರ ಆಗಿನ್ನೂ ಹುಟ್ಟೇ ಇರಲಿಲ್ಲ.)

ನಿಧಾನವಾಗಿ ಓದ್ತೀನಿ, ಬೇಕಿದ್ದರೆ ಬರೆದುಕೊಳ್ಳಿ. 1881: ಸಿಟಿ 62,317, ದಂಡು 93,540. 1891: ಸಿಟಿ 80,285, ದಂಡು 1,00,081. 1901: 69,447 ಮತ್ತು 89,599. 1911: 88,651 ಮತ್ತು 1,00,834.

ಸಿಟಿಯ ರೇಂಜ್ 26,334. ದಂಡಿನದು 11,235. ನಾನು ಮೊದಲು ಇವೆರಡನ್ನೂ ಕೂಡಿಸಿಬಿಟ್ಟೆ, 37,569 ಬಂತು. ತಪ್ಪು. ಎಂಟೂ ಸಂಖ್ಯೆಗಳನ್ನು ಒಂದೇ ಪಟ್ಟಿ ಮಾಡಿದರೆ ಅತಿ ದೊಡ್ಡದು ದಂಡಿನ 1911, ಅತಿ ಚಿಕ್ಕದು ಸಿಟಿಯ 1881, ವ್ಯತ್ಯಾಸ 38,517. ಪ್ರತಿ ವರ್ಷದ ಎರಡೂ ಕಡೆ ಜನರನ್ನು ಕೂಡಿಸಿ ಇಡೀ ಊರಿನ ಪಟ್ಟಿ ಮಾಡಿದರೆ 1,55,857ರಿಂದ 1,89,485, ರೇಂಜ್ 33,628. ಇದು ಕಡಿಮೆ ಬರೋದು ಯಾಕೆ ಅಂದರೆ ಎರಡೂ ಕಡೆ ಜನ ಕಡಿಮೆ ಇದ್ದದ್ದು ಒಂದೇ ವರ್ಷ ಅಲ್ಲ. ಸಿಟಿಗೆ ಅದು 1881, ದಂಡಿಗೆ 1901.

ದಂಡಿಗೆ 1901 ಯಾಕೆ? ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಬಂತು. 1891ರಿಂದ 1901ಕ್ಕೆ ಸಿಟಿಯಲ್ಲಿ 10,838 ಜನ ಕಡಿಮೆ, ದಂಡಿನಲ್ಲಿ 10,482. ಒಟ್ಟು 21,320. ಎಲ್ಲರೂ ಸತ್ತವರಲ್ಲ, ಊರು ಬಿಟ್ಟು ಓಡಿದವರೂ ಇದ್ದರು. ಗಡಿ ಗೆರೆ ಎಳೆದದ್ದು ಸರ್ಕಾರಗಳು, ಪ್ಲೇಗಿಗೆ ಯಾವ ಗೆರೆ? ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಪೆಟ್ಟು.

ಈಗ ಆ 33,628 ಇನ್ನೊಮ್ಮೆ ನೋಡಿ. ಅದರ ಎರಡು ತುದಿ 1881 ಮತ್ತು 1911. ನಡುವಿನ ಎರಡು ಗಣತಿ ಅಳಿಸಿಹಾಕಿದರೂ ಉತ್ತರ ಅದೇ. ಅಂದರೆ ಇಪ್ಪತ್ತೊಂದು ಸಾವಿರ ಜನ ಕಾಣೆಯಾದದ್ದು ಈ ರೇಂಜಿಗೆ ಗೊತ್ತೇ ಇಲ್ಲ! ದಂಡಿನ ಪಟ್ಟಿಯನ್ನು ಬೇರೆಯಾಗಿ ಇಟ್ಟಾಗ ಮಾತ್ರ ಪ್ಲೇಗು ಒಂದು ತುದಿಯಲ್ಲಿ ಕಾಣುತ್ತೆ.

ಕಾಗದದ ಮೇಲೆ ಅಳಿಸಿದರೂ ನೆಲದ ಮೇಲೆ ಉಳಿದಿದೆ ಬಿಡಿ. ಆಮೇಲೆ ಕಿಕ್ಕಿರಿದ ಗಲ್ಲಿಗಳ ಆಚೆ ಅಗಲ ರಸ್ತೆಗಳ ಹೊಸ ಬಡಾವಣೆ ಎದ್ದವು: ಸಿಟಿ ಕಡೆ ಬಸವನಗುಡಿ, ಮಲ್ಲೇಶ್ವರ, ದಂಡಿನ ಕಡೆ ಫ್ರೇಜರ್ ಟೌನ್. ಎರಡೂ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು ಮಾತ್ರ 1949ರಲ್ಲಿ. 1951ರ ಗಣತಿ ಮುಂದಿನ ಕಂತಿಗೆ.