ಎರಡು ಮೈದಾನ, ಒಂದು ಜೊತೆ ಕಾಲು

1964ರ ಅಕ್ಟೋಬರ್ 15ರಂದು ಟೋಕಿಯೋದ ಒಲಿಂಪಿಕ್ ಕ್ರೀಡಾಂಗಣದಲ್ಲಿ ನೂರು ಮೀಟರ್ ಓಟದ ಅಂತಿಮ ಸ್ಪರ್ಧೆ. ಬಾಬ್ ಹೇಯ್ಸ್ ಎಂಬ 21ರ ಹರೆಯದ ಅಮೆರಿಕದ ಕರಿಯ ಯುವಕನಿಗೆ ದೊರೆತದ್ದು ಎಲ್ಲಕ್ಕಿಂತ ಒಳಗಿನ ಪಥ. ಆಗಿನ ಟ್ರ್ಯಾಕ್ ಇಂದಿನ ರಬ್ಬರಿನ ಹಾಸಲ್ಲ, ಸಿಂಡರ್ ಪುಡಿ ಹರಡಿದ ನೆಲ. ಅದೇ ದಿನ 20 ಕಿಲೋಮೀಟರ್ ನಡಿಗೆಯ ಸ್ಪರ್ಧಿಗಳು ಆ ಪಥವನ್ನು ತುಳಿದು ಕೆದರಿದ್ದರು. ಹೇಯ್ಸನ ಒಂದು ಬೂಟು ಕಾಣೆಯಾಗಿ, ಒಂದು ಕಾಲಿಗೆ ಎರವಲು ಬೂಟು ಧರಿಸಿ ಓಡಿದನೆಂಬ ಕಥೆಯೂ ಇದೆ. ಅಗಲವಾದ ಎದೆ, ಒಳಮುಖವಾಗಿ ತಿರುಗಿದ ಪಾದಗಳು. ಓಟದ ಸೊಬಗು ಎಂದು ಬಲ್ಲವರು ಕರೆಯುವ ಯಾವುದೂ ಅವನಲ್ಲಿರಲಿಲ್ಲ. ಆದರೂ 10.0 ಸೆಕೆಂಡಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿ, ಕ್ಯೂಬಾದ ಫಿಗೆರೋಲಾನನ್ನು ಎರಡು ಮೀಟರಿನಷ್ಟು ಹಿಂದೆ ಬಿಟ್ಟು ಗೆದ್ದ. ಆರು ದಿನಗಳ ನಂತರ ರಿಲೇ ಓಟದಲ್ಲಿ ಕೊನೆಯ ಕೋಲು ಅವನ ಕೈಗೆ ಬಂದಾಗ ಅಮೆರಿಕ ಹಿಂದೆ ಬಿದ್ದಿತ್ತು. ಗೆರೆ ಮುಟ್ಟುವಾಗ ಎಲ್ಲರಿಗಿಂತ ಮುಂದಿತ್ತು. ತಂಡದ ಕಾಲ 39.0 ಸೆಕೆಂಡು, ಹೊಸ ವಿಶ್ವದಾಖಲೆ.

ಓಟಗಾರನಾಗಿ ಹೇಯ್ಸನ ದೊಡ್ಡ ಸ್ಪರ್ಧೆಗಳು ಅಲ್ಲಿಗೇ ಮುಗಿದವು. ಗಾಯವಾಗಿರಲಿಲ್ಲ, ವಯಸ್ಸಾಗಿರಲಿಲ್ಲ, ಬೇಸರವೂ ಬಂದಿರಲಿಲ್ಲ. ಅವನು ಫುಟ್‌ಬಾಲ್ ಆಡಲು ಹೊರಟಿದ್ದ. ಆಡಿ ಹಣ ಪಡೆದವನಿಗೆ ಓಟದ ಪಥ ಮುಚ್ಚಿದ ಬಾಗಿಲಾಗಿತ್ತು.

ಇಲ್ಲಿ ಫುಟ್‌ಬಾಲ್ ಎಂದರೆ ಮುಂಬಯಿಯ ಕೂಪರೇಜ್‌ನಲ್ಲೋ ಕೋಲ್ಕತ್ತದ ಮೈದಾನದಲ್ಲೋ ನಾವು ನೋಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಶಿರಸ್ತ್ರಾಣ ತೊಟ್ಟು, ಎದುರಾಳಿಯನ್ನು ನೆಲಕ್ಕೆ ಕೆಡಹುತ್ತ ಆಡುವ ಅಮೆರಿಕದ ಆಟ. ಅದಕ್ಕೆ ಭಾರಿ ಮೈಯವರೂ ಬೇಕು, ಮಿಂಚಿನಂತೆ ಓಡುವವರೂ ಬೇಕು. ಆದ್ದರಿಂದಲೇ ಅಲ್ಲಿನ ಕಾಲೇಜುಗಳಲ್ಲಿ ಶತಮಾನದಿಂದಲೂ ಒಂದೇ ಜೊತೆ ಕಾಲಿಗಾಗಿ ಇಬ್ಬರು ತರಬೇತುದಾರರ ಜಗ್ಗಾಟ ನಡೆದುಬಂದಿದೆ. ಶರತ್ಕಾಲದಲ್ಲಿ ಫುಟ್‌ಬಾಲ್, ವಸಂತದಲ್ಲಿ ಟ್ರ್ಯಾಕ್. ಪಂಚಾಂಗ ನೋಡಿದರೆ ಜಗಳಕ್ಕೆ ಕಾರಣವೇ ಇಲ್ಲ. ಆದರೆ ಫುಟ್‌ಬಾಲಿನವರು ವಸಂತದಲ್ಲೂ ಅಭ್ಯಾಸ ಶಿಬಿರ ಇಟ್ಟುಕೊಂಡರು. ಹೊಡೆತ ತಾಳಲು ಮೈ ತೂಕ ಹೆಚ್ಚಿಸು ಎಂದರು. ಓಟದ ಗುರುವಿಗೆ ಅದೇ ತೂಕ ಕಣ್ಣಿಗೆ ಮುಳ್ಳು.

ಈ ಜಗ್ಗಾಟದ ಮೊದಲ ದೊಡ್ಡ ಹೆಸರು ಜಿಮ್ ಥೋರ್ಪ್. ಅಮೆರಿಕದ ಮೂಲನಿವಾಸಿ ಮಕ್ಕಳನ್ನು ಅವರ ಭಾಷೆ, ಉಡುಪು, ಹೆಸರುಗಳಿಂದ ಬಿಡಿಸಿ 'ನಾಗರಿಕ'ರನ್ನಾಗಿ ಮಾಡಲೆಂದು ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ ಸರ್ಕಾರ ನಡೆಸುತ್ತಿದ್ದ ಶಾಲೆಯ ಹುಡುಗ. 1907ರಲ್ಲಿ ಮೈದಾನದ ಬದಿಯಲ್ಲಿ ಹೋಗುತ್ತಿದ್ದವನು, ಬೇರೆಯವರಿಗೆ ದಾಟಲಾಗದ ಎತ್ತರ ಜಿಗಿತದ ಕೋಲನ್ನು ಕೆಲಸದ ಬಟ್ಟೆಯಲ್ಲೇ ದಾಟಿಬಿಟ್ಟ. ಅಲ್ಲಿ ಎರಡೂ ಆಟಗಳಿಗೆ ಗುರು ಒಬ್ಬರೇ, ಪಾಪ್ ವಾರ್ನರ್. ತನ್ನ ಅತ್ಯುತ್ತಮ ಓಟಗಾರನ ಎಲುಬು ಫುಟ್‌ಬಾಲಿನಲ್ಲಿ ಮುರಿದೀತೆಂದು ಅವರು ಮೊದಲು ಅವನನ್ನು ಆಡಿಸಲು ಹಿಂಜರಿದರು. ಹಿಂಜರಿಕೆ ಹೆಚ್ಚು ದಿನ ಉಳಿಯಲಿಲ್ಲ. 1911ರಲ್ಲಿ ಕಾರ್ಲೈಲ್ ಹುಡುಗರು ಹಾರ್ವರ್ಡ್ ತಂಡವನ್ನು 18-15ರಲ್ಲಿ ಸೋಲಿಸಿದರು. ಥೋರ್ಪ್‌ನ ಕಾಲಿನಿಂದಲೇ ನಾಲ್ಕು ಫೀಲ್ಡ್ ಗೋಲುಗಳು ಬಂದಿದ್ದವು. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ.

ಥೋರ್ಪ್ ಎರಡನ್ನೂ ಆಡಿದ, ಎರಡನ್ನೂ ಗೆದ್ದ. ಅವನನ್ನು ಕೆಡಹಿದ್ದು ಮೂರನೆಯ ಆಟ. 1909, 1910ರ ಬೇಸಿಗೆಗಳಲ್ಲಿ ನಾರ್ತ್ ಕೆರೊಲಿನಾದಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬುದು 1913ರಲ್ಲಿ ಬಯಲಾಯಿತು. ಹಣ ಪಡೆದವನು ಹವ್ಯಾಸಿಯಲ್ಲ, ಹವ್ಯಾಸಿಯಲ್ಲದವನಿಗೆ ಒಲಿಂಪಿಕ್ ಪದಕವಿಲ್ಲ ಎಂದು ಎರಡೂ ಚಿನ್ನಗಳನ್ನು ಕಸಿದುಕೊಂಡರು. ಬೇಸಿಗೆಯಲ್ಲಿ ಹೀಗೆ ಆಡುತ್ತಿದ್ದ ಕಾಲೇಜು ಹುಡುಗರು ಇನ್ನೂ ಅನೇಕರಿದ್ದರು. ಸುಳ್ಳು ಹೆಸರಿನಲ್ಲಿ ಆಡಿದವರು ಉಳಿದುಕೊಂಡರು, ಸ್ವಂತ ಹೆಸರಿನಲ್ಲಿ ಆಡಿದ ಥೋರ್ಪ್ ಸಿಕ್ಕಿಬಿದ್ದ. 1920ರಲ್ಲಿ ವೃತ್ತಿಪರ ಫುಟ್‌ಬಾಲ್ ಸಂಘ, ಮುಂದೆ ಎನ್‌ಎಫ್‌ಎಲ್ ಎಂದು ಹೆಸರಾದದ್ದು, ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಆತನೇ. ಪದಕಗಳ ಪ್ರತಿಗಳು ಅವನ ಮಕ್ಕಳ ಕೈಸೇರಿದ್ದು 1983ರಲ್ಲಿ, ಅವನು ತೀರಿ ಮೂವತ್ತು ವರ್ಷಗಳಾದ ಮೇಲೆ. ಆಗಲೂ ಜಂಟಿ ವಿಜೇತ ಎಂದೇ ಬರೆದರು. ಏಕೈಕ ವಿಜೇತನೆಂದು ಒಪ್ಪಿಕೊಂಡದ್ದು 2022ರಲ್ಲಿ.

ಹಣ ಮತ್ತು ಹವ್ಯಾಸದ ಈ ಗೋಡೆಯಿಲ್ಲದಿದ್ದರೆ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಒಂದು ಹಳೆಯ ನಿದರ್ಶನವಿದೆ. ಕಲ್ಕತ್ತೆಯ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಓದಿದ ನಾರ್ಮನ್ ಪ್ರಿಚರ್ಡ್ 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದ. ಆತ ಕಲ್ಕತ್ತೆಯಲ್ಲಿ ಫುಟ್‌ಬಾಲ್ (ಇದು ನಮ್ಮ ಫುಟ್‌ಬಾಲೇ) ಆಡುತ್ತಿದ್ದವನೂ ಹೌದು, ಅಲ್ಲಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯಾಗಿದ್ದವನೂ ಹೌದು. ಓಡು ಅಥವಾ ಆಡು ಎಂದು ಅವನನ್ನು ಯಾರೂ ಕೇಳಲಿಲ್ಲ, ಎರಡರಿಂದಲೂ ಕಾಸು ಹುಟ್ಟುತ್ತಿರಲಿಲ್ಲ.

ಅಮೆರಿಕದಲ್ಲಿ ಹುಟ್ಟುತ್ತಿತ್ತು, ಒಂದು ಕಡೆ ಮಾತ್ರ. ಫುಟ್‌ಬಾಲಿನ ಟಿಕೆಟ್ ಹಣ ಕಾಲೇಜಿನ ಬೊಕ್ಕಸ ತುಂಬುತ್ತಿತ್ತು. ಟ್ರ್ಯಾಕ್ ಆ ಬೊಕ್ಕಸದಿಂದ ಉಣ್ಣುತ್ತಿತ್ತು. ಬರೀ ಓಟವನ್ನೇ ನಂಬಿದವನ ಗತಿಗೆ ಜೆಸ್ಸಿ ಓವೆನ್ಸ್‌ಗಿಂತ ಬೇರೆ ಸಾಕ್ಷಿ ಬೇಡ. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವನಿಗೆ ವಿದ್ಯಾರ್ಥಿವೇತನವೇ ಇರಲಿಲ್ಲ, ದುಡಿದು ಓದಿದ. 1936ರಲ್ಲಿ ಬರ್ಲಿನ್‌ನಲ್ಲಿ ನಾಲ್ಕು ಚಿನ್ನ ಗೆದ್ದು, ಹಣವಿಲ್ಲದ ಪ್ರದರ್ಶನ ಓಟಗಳ ಪ್ರವಾಸ ಸಾಕೆಂದು ಮನೆಗೆ ಮರಳಿದ್ದಕ್ಕೆ ಹವ್ಯಾಸಿ ಸಂಘ ಅವನನ್ನು ಹೊರಹಾಕಿತು. ಮುಂದೆ ಹೊಟ್ಟೆಪಾಡಿಗೆ ಕುದುರೆಗಳೊಡನೆ ಪಂದ್ಯ ಕಟ್ಟಿ ಓಡಿದ. ಈ ಕಥೆಯನ್ನು ಅರಿತ ಬಡ ಮನೆಯ ಹುಡುಗ ಫುಟ್‌ಬಾಲಿನ ಕಡೆಗೆ ತಿರುಗಿದರೆ ಅದನ್ನು ದುರಾಸೆ ಎನ್ನಲು ನನಗಂತೂ ಮನಸ್ಸಾಗದು.

1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತ್ತು. ಇಬ್ಬರು ಕರಿಯ ಆಟಗಾರರನ್ನು ಬಿಟ್ಟು ಬಂದರೆ ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯಕ್ಕೆ ಆಹ್ವಾನ ಎಂಬ ಷರತ್ತು ಬಂದಾಗ ತಂಡ ಇಡಿಯಾಗಿ ನಿರಾಕರಿಸಿತು. ಆ ಇಬ್ಬರಲ್ಲಿ ಒಬ್ಬ ಆಲೀ ಮ್ಯಾಟ್ಸನ್. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಾನೂರು ಮೀಟರಿನಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು ನೇರವಾಗಿ ವೃತ್ತಿಪರ ಫುಟ್‌ಬಾಲ್ ಸೇರಿದ. 1959ರಲ್ಲಿ ಲಾಸ್ ಏಂಜಲೀಸ್ ತಂಡ ಅವನೊಬ್ಬನಿಗಾಗಿ ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತು.

ಹೇಯ್ಸ್ ಬಂದದ್ದು ಈ ದಾರಿಯಲ್ಲೇ. ಫ್ಲಾರಿಡಾದ ಜಾಕ್ಸನ್‌ವಿಲ್‌ನವನು. ಅವನು ಕಾಲೇಜಿಗೆ ಹೊರಟ ಕಾಲಕ್ಕೆ ದಕ್ಷಿಣದ ಬಿಳಿಯರ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಅವನಂಥವರಿಗೆ ಜಾಗವಿರಲಿಲ್ಲ. ಕರಿಯರ ಫ್ಲಾರಿಡಾ ಎ ಅಂಡ್ ಎಂ ಕಾಲೇಜು ಫುಟ್‌ಬಾಲ್ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಂಡಿತು. ಗಮನಿಸಬೇಕಾದ ಮಾತಿದು: ಭೂಮಿಯ ಮೇಲಿನ ಅತಿ ವೇಗದ ಓಟಗಾರನ ಊಟ, ವಸತಿ, ಪಾಠದ ಖರ್ಚು ಹುಟ್ಟುತ್ತಿದ್ದುದು ಓಟದಿಂದಲ್ಲ. ಫುಟ್‌ಬಾಲ್ ಗುರು ಜೇಕ್ ಗೇದರ್ ಅವನನ್ನು ಸುಲಭವಾಗಿ ಬಿಟ್ಟುಕೊಡುವವರಾಗಿರಲಿಲ್ಲ. ಒಲಿಂಪಿಕ್ಸ್‌ಗೆ ಸಿದ್ಧನಾಗಲು ಹುಡುಗನಿಗೆ ಬಿಡುವು ಕೊಡಿ ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರೇ ಗೇದರ್‌ಗೆ ದೂರವಾಣಿ ಮಾಡಬೇಕಾಯಿತು ಎಂದು ಹೇಳುತ್ತಾರೆ. ಟೋಕಿಯೋಗೆ ಹೋಗುವ ಮೊದಲೇ ಡಲ್ಲಾಸ್ ಕೌಬಾಯ್ಸ್ ತಂಡ ವಾರ್ಷಿಕ ಆಯ್ಕೆಯ ಏಳನೆಯ ಸುತ್ತಿನಲ್ಲಿ, 88ನೆಯವನಾಗಿ ಅವನ ಹೆಸರು ಬರೆದುಕೊಂಡಿತ್ತು. ಓಟಗಾರ, ಆಟಗಾರನಲ್ಲ ಎಂಬ ಗುಮಾನಿ ಆ ಏಳನೆಯ ಸುತ್ತಿನಲ್ಲೇ ಕಾಣುತ್ತದೆ.

ಗುಮಾನಿ ಒಂದೇ ವರ್ಷದಲ್ಲಿ ಕರಗಿತು. 1965ರ ಮೊದಲ ಋತುವಿನಲ್ಲೇ ಸಾವಿರ ಗಜ ದಾಟಿ, ಹನ್ನೆರಡು ಬಾರಿ ಚೆಂಡು ಹಿಡಿದು ಗೆರೆ ಮುಟ್ಟಿದ. ಒಬ್ಬನಿಗೆ ಒಬ್ಬ ಎಂದು ಕಾವಲಿಡುತ್ತಿದ್ದ ತಂಡಗಳಿಗೆ ಅವನ ಜೊತೆ ಓಡಬಲ್ಲ ಕಾವಲುಗಾರನೇ ಸಿಗಲಿಲ್ಲ. ಆಟಗಾರನ ಬದಲು ಮೈದಾನದ ಭಾಗಗಳನ್ನು ಕಾಯುವ ವಲಯ ರಕ್ಷಣೆ ವ್ಯಾಪಕವಾಗಲು ಅವನ ವೇಗವೂ ಒಂದು ಕಾರಣವೆಂದು ಆ ಆಟದ ಇತಿಹಾಸಕಾರರು ಬರೆಯುತ್ತಾರೆ. 1972ರ ಜನವರಿಯಲ್ಲಿ ಕೌಬಾಯ್ಸ್ ಸೂಪರ್ ಬೌಲ್ ಗೆದ್ದಾಗ ಅವನು ತಂಡದಲ್ಲಿದ್ದ. ಕೊನೆಯ ಅಧ್ಯಾಯ ಸುಖದ್ದಲ್ಲ: ಮಾದಕದ್ರವ್ಯದ ಮೊಕದ್ದಮೆ, ಸೆರೆವಾಸ, ಕಾಯಿಲೆ. 2002ರಲ್ಲಿ ತೀರಿದ. ಫುಟ್‌ಬಾಲಿನ ಗೌರವಮಂದಿರಕ್ಕೆ ಅವನ ಹೆಸರು ಸೇರಿದ್ದು 2009ರಲ್ಲಿ. ಒಲಿಂಪಿಕ್ ಚಿನ್ನ ಗೆದ್ದು ಅಲ್ಲಿಗೆ ಸೇರಿದವರಲ್ಲಿ ಅವನಿಗಿಂತ ಮೊದಲಿನವನು ಥೋರ್ಪ್ ಒಬ್ಬನೇ.

ಹೇಯ್ಸನ ಯಶಸ್ಸು ಇತರರಿಗೆ ಒಂದು ಬಗೆಯಲ್ಲಿ ಉರುಳಾಯಿತು. ವೇಗವಿದ್ದರೆ ಸಾಕು, ಚೆಂಡು ಹಿಡಿಯುವುದನ್ನು ಕಲಿಸಿಕೊಳ್ಳಬಹುದು ಎಂದು ತಂಡಗಳು ನಂಬಿದವು. 1968ರ ಮೆಕ್ಸಿಕೋದಲ್ಲಿ 9.95 ಸೆಕೆಂಡಿನ ದಾಖಲೆ ಬರೆದ, ಹದಿನೈದು ವರ್ಷ ಅದನ್ನು ಉಳಿಸಿಕೊಂಡ ಜಿಮ್ ಹೈನ್ಸ್ ಮಯಾಮಿ ತಂಡ ಸೇರಿ, ಕೈಯಲ್ಲಿ ಚೆಂಡು ನಿಲ್ಲದೆ 'ಊಪ್ಸ್' ಎಂಬ ಅಡ್ಡಹೆಸರು ಪಡೆದ. ಅದೇ ಮೆಕ್ಸಿಕೋದಲ್ಲಿ ಪದಕದ ಮೆಟ್ಟಿಲ ಮೇಲೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಇಬ್ಬರೂ ಮುಂದೆ ಫುಟ್‌ಬಾಲಿನ ಬಾಗಿಲು ತಟ್ಟಿದರು. ಟ್ರ್ಯಾಕಿನ ಅಧಿಕಾರಸ್ಥರು ಮುಖ ತಿರುಗಿಸಿದ ಮೇಲೆ ಅವರಿಗೆ ಉಳಿದ ದಾರಿಗಳಲ್ಲಿ ಅದೂ ಒಂದು. ಇಬ್ಬರಿಗೂ ಅಲ್ಲಿ ಹೆಚ್ಚು ಕಾಲ ನೆಲೆ ಸಿಗಲಿಲ್ಲ.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ರೆನಾಲ್ಡೋ ನಹಮಾಯನ ಪ್ರಸಂಗ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಈ ಹರ್ಡಲ್ಸ್ ಓಟಗಾರ 1981ರ ಆಗಸ್ಟಿನಲ್ಲಿ ಜ್ಯೂರಿಕ್‌ನಲ್ಲಿ 110 ಮೀಟರನ್ನು 12.93 ಸೆಕೆಂಡಿನಲ್ಲಿ ಮುಗಿಸಿದ. 13ರ ಗೆರೆಯನ್ನು ಮುರಿದ ಮೊದಲ ಮನುಷ್ಯ. ಅದಕ್ಕೆ ಹಿಂದಿನ ವರ್ಷದ ಮಾಸ್ಕೋ ಒಲಿಂಪಿಕ್ಸನ್ನು ಅಮೆರಿಕ ಬಹಿಷ್ಕರಿಸಿತ್ತು. ಅವನು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ ಅಲ್ಲ. ಆದರೂ 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕರಾರಿಗೆ ಸಹಿ ಹಾಕಿದ. ಹಾಕಿದೊಡನೆ ಹರ್ಡಲ್ಸ್‌ನಿಂದ ಬಹಿಷ್ಕೃತನಾದ. ಫುಟ್‌ಬಾಲಿನಲ್ಲಿ ಪಡೆದ ಹಣ ಹರ್ಡಲ್ಸ್‌ನಲ್ಲಿ ಹೇಗೆ ಅನ್ಯಾಯದ ಲಾಭ ತಂದೀತು ಎಂಬ ಸರಳ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೆ ಅಂತರರಾಷ್ಟ್ರೀಯ ಸಂಸ್ಥೆ ಹೋಗಲಿಲ್ಲ. ಅಮೆರಿಕದ ಕಾಲೇಜು ಕ್ರೀಡೆಯ ಒಡೆಯ ಸಂಸ್ಥೆಯಾದ ಎನ್‌ಸಿಎಎ ಕೂಡ 1970ರ ದಶಕದಲ್ಲೇ ಒಂದು ಆಟದ ವೃತ್ತಿಪರನು ಇನ್ನೊಂದರಲ್ಲಿ ಹವ್ಯಾಸಿಯಾಗಿ ಉಳಿಯಬಹುದೆಂದು ಒಪ್ಪಿತ್ತು.

ಅವನಿಲ್ಲದ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹರ್ಡಲ್ಸ್ ಚಿನ್ನ ಗೆದ್ದವನು ರೋಜರ್ ಕಿಂಗ್‌ಡಮ್. ಈತ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದದ್ದು ಫುಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ. ಅದನ್ನು ಬಿಟ್ಟು ಹರ್ಡಲ್ಸ್ ಹಿಡಿದವನು. ಒಬ್ಬ ಈ ಮೈದಾನದಿಂದ ಆ ಮೈದಾನಕ್ಕೆ ದಾಟಿದ, ಇನ್ನೊಬ್ಬ ಅಲ್ಲಿಂದ ಇಲ್ಲಿಗೆ ಬಂದ. 1988ರಲ್ಲಿ ಕಿಂಗ್‌ಡಮ್‌ಗೆ ಮತ್ತೊಂದು ಚಿನ್ನ. ಮರುವರ್ಷ ಅದೇ ಜ್ಯೂರಿಕ್‌ನಲ್ಲಿ 12.92 ಸೆಕೆಂಡಿನಲ್ಲಿ ಓಡಿ ನಹಮಾಯನ ದಾಖಲೆಯನ್ನೂ ಅಳಿಸಿದ. ನಹಮಾಯನಿಗೆ ಓಡಲು ಮತ್ತೆ ಅನುಮತಿ ದೊರೆತದ್ದು 1986ರಲ್ಲಿ. ಒಲಿಂಪಿಕ್ ಪದಕ ಅವನ ಕೊರಳಿಗೆ ಬೀಳಲೇ ಇಲ್ಲ.

ಕಾಲ ಬದಲಾಗುತ್ತಿದ್ದುದಕ್ಕೆ ಕಾರ್ಲ್ ಲೂಯಿಸ್ ಗುರುತು. 1984ರಲ್ಲಿ ಡಲ್ಲಾಸ್ ತಂಡ ಹನ್ನೆರಡನೆಯ ಸುತ್ತಿನಲ್ಲಿ ಅವನ ಹೆಸರನ್ನೂ ಬರೆದುಕೊಂಡಿತು, ಇನ್ನೊಬ್ಬ ಹೇಯ್ಸ್ ಸಿಗಬಹುದೆಂಬ ಆಸೆಯಿಂದ. ಅಷ್ಟು ಹೊತ್ತಿಗೆ ಓಟಗಾರರು ಸಂಪಾದನೆಯನ್ನು ನ್ಯಾಸನಿಧಿಯಲ್ಲಿಟ್ಟು ಬಳಸಿಕೊಳ್ಳುವ ಅವಕಾಶ ಬಂದಿತ್ತು. ಓಡಿಯೇ ಬದುಕಬಲ್ಲವನಾದ ಲೂಯಿಸ್ ಆ ಕಡೆ ಹೊರಳಿಯೂ ನೋಡಲಿಲ್ಲ.

ಆದರೂ ಸಾಮಾನ್ಯ ಕಾಲೇಜು ಹುಡುಗನ ಲೆಕ್ಕ ಬದಲಾಗಲಿಲ್ಲ. ದೊಡ್ಡ ವಿಶ್ವವಿದ್ಯಾಲಯವೊಂದು ಫುಟ್‌ಬಾಲಿಗೆ 85 ಪೂರ್ಣ ವಿದ್ಯಾರ್ಥಿವೇತನ ಕೊಡಬಹುದಿತ್ತು. ಪುರುಷರ ಟ್ರ್ಯಾಕ್ ತಂಡಕ್ಕೆ ಇದ್ದದ್ದು 12.6 ಮಾತ್ರ. ಆ ದಶಮಾಂಶ ಮುದ್ರಣದೋಷವಲ್ಲ, ಅಷ್ಟನ್ನು ಇಡೀ ತಂಡಕ್ಕೆ ಚೂರು ಮಾಡಿ ಹಂಚಬೇಕಿತ್ತು. ಎರಡೂ ಆಡುವವನನ್ನು ಟ್ರ್ಯಾಕಿನ ಲೆಕ್ಕಕ್ಕೆ ಹಾಕಿ ಫುಟ್‌ಬಾಲಿಗೆ ಜಾಗ ಉಳಿಸಿಕೊಳ್ಳುವ ಉಪಾಯ ನಡೆಯದಂತೆ, ಅಂಥವನು ಫುಟ್‌ಬಾಲಿನ ಲೆಕ್ಕಕ್ಕೇ ಸೇರಬೇಕೆಂಬ ನಿಯಮವೂ ಇತ್ತು. ಅಂದರೆ ಅವನ ಊಟದ ತಟ್ಟೆ ಫುಟ್‌ಬಾಲ್ ಗುರುವಿನದು. ಓಡಲು ಬಿಡುವುದು, ಬಿಡದಿರುವುದು ಅವರ ಮರ್ಜಿ. 2025ರ ನ್ಯಾಯಾಲಯದ ಒಪ್ಪಂದದಿಂದ ಆ ಮಿತಿಗಳು ಹೋಗಿ, ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಆ ಹಣದ ಸಿಂಹಪಾಲು ಯಾವ ಮೈದಾನಕ್ಕೆ ಹರಿಯುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಗೋಡೆಗಳೆಲ್ಲ ಬಿದ್ದ ಮೇಲೆ ಬಂದವನು ಡೆವನ್ ಆಲನ್. ಒರೆಗನ್ ವಿಶ್ವವಿದ್ಯಾಲಯದಲ್ಲಿ 2014ರ ಬೇಸಿಗೆಯಲ್ಲಿ ಹರ್ಡಲ್ಸ್ ಚಾಂಪಿಯನ್, ಶರತ್ಕಾಲದಲ್ಲಿ ಫುಟ್‌ಬಾಲ್ ತಂಡದ ಮಿಂಚು. 2015ರ ಹೊಸ ವರ್ಷದ ದಿನ ರೋಸ್ ಬೌಲ್ ಪಂದ್ಯ ಆರಂಭವಾದ ಮೊದಲ ಒದೆತದಲ್ಲೇ ಮಂಡಿ ಮುರಿದುಕೊಂಡ. ರಿಯೋದಲ್ಲಿ ಐದನೆಯವನು, ಟೋಕಿಯೋದಲ್ಲಿ ನಾಲ್ಕನೆಯವನು. 2022ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದೊಡನೆ ಕರಾರು ಮಾಡಿಕೊಂಡ. ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ 12.84 ಸೆಕೆಂಡಿನಲ್ಲಿ ಓಡಿದ. ನಹಮಾಯನಿಗೆ ಇಲ್ಲದ ಸ್ವಾತಂತ್ರ್ಯ ಅವನಿಗಿತ್ತು, ಯಾರೂ ಅವನನ್ನು ತಡೆಯಲಿಲ್ಲ. ಜುಲೈನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಒರೆಗನ್‌ನ ಅದೇ ಹೇವರ್ಡ್ ಮೈದಾನದಲ್ಲಿ, ಅವನ ಸ್ವಂತ ಕಾಲೇಜಿನ ಅಂಗಳದಲ್ಲಿ. ಅಂತಿಮ ಓಟದಲ್ಲಿ ಗುಂಡಿನ ಸದ್ದಿಗೆ ಅವನು ಪ್ರತಿಕ್ರಿಯಿಸಿದ ಕಾಲವನ್ನು ಯಂತ್ರ 0.099 ಸೆಕೆಂಡು ಎಂದು ತೋರಿಸಿತು. ನಿಯಮ ಒಪ್ಪುವುದು 0.100ರಿಂದ ಮೇಲಕ್ಕೆ. ಸಾವಿರದಲ್ಲಿ ಒಂದು ಸೆಕೆಂಡು ಬೇಗ ಎದ್ದನೆಂದು ಅವನನ್ನು ಹೊರಕ್ಕೆ ಕಳುಹಿಸಿದರು. ಪ್ರೇಕ್ಷಕರು ಕೂಗಾಡುತ್ತಿದ್ದರು. ಕೆಲವೇ ದಿನಗಳಲ್ಲಿ ಆಲನ್ ಫಿಲಡೆಲ್ಫಿಯಾದ ಅಭ್ಯಾಸ ಶಿಬಿರದಲ್ಲಿ, ಶಿರಸ್ತ್ರಾಣ ತೊಟ್ಟು, ಚೆಂಡು ಹಿಡಿಯುತ್ತಿದ್ದ.