ರಂಜಕದ ಸಾಕ್ಷ್ಯ

ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ರೋಗಿಯೊಬ್ಬನ ವೃತ್ತಾಂತವನ್ನು ಮುಂದಿಟ್ಟುಕೊಂಡು ವೈದ್ಯರೆಲ್ಲ ಕೂಡಿ ವಿಚಾರಮಾಡುವ ಪದ್ಧತಿಯುಂಟಷ್ಟೆ. 1941ರಲ್ಲಿ ಹಾಗೆ ಪ್ರಕಟವಾದ ವೃತ್ತಾಂತಗಳಲ್ಲಿ ಒಂದು, ಮೂತ್ರಪಿಂಡದ ಅರ್ಬುದವು ಸೊಂಟದ ಎಲುಬಿಗೆ ಹರಡಿದ್ದ ಪುರುಷನೊಬ್ಬನದು. ಅವನ ರಕ್ತದಲ್ಲಿ ಕ್ಯಾಲ್ಸಿಯಂ, ಎಂದರೆ ಸುಣ್ಣಾಂಶ, ಮಿತಿಮೀರಿ ಏರಿತ್ತು. ಹೀಗೆ ಏರಿದಾಗ ತೀರದ ಬಾಯಾರಿಕೆ, ಮಲಬದ್ಧತೆ, ಮಂಪರು ಒಂದರ ಹಿಂದೊಂದು ಬಂದು, ಕಡೆಗೆ ರೋಗಿಯು ಕರೆದರೂ ಓಗೊಡದಂತಾಗುತ್ತಾನೆ. ಗಂತಿಯು ಎಲುಬನ್ನು ಕೊರೆದಿದೆ, ಕೊರೆದ ಎಲುಬಿನ ಸುಣ್ಣ ರಕ್ತಕ್ಕಿಳಿದಿದೆ ಎಂದುಕೊಂಡು ಯಾರಾದರೂ ಅಲ್ಲಿಗೇ ವಿಚಾರವನ್ನು ಮುಗಿಸಬಹುದಿತ್ತು. ಆ ಆಸ್ಪತ್ರೆಯ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮುಗಿಸಲಿಲ್ಲ.

ಎಲುಬೆಂಬುದು ಸುಣ್ಣವೂ ರಂಜಕವೂ, ಎಂದರೆ ಫಾಸ್ಫರಸ್ಸೂ, ಕೂಡಿ ಕಟ್ಟಿದ ವಸ್ತುವಾದ್ದರಿಂದ, ಅದು ಬರಿದೆ ಕರಗಿದ್ದ ಪಕ್ಷದಲ್ಲಿ ರಕ್ತದಲ್ಲಿ ರಂಜಕವೂ ಏರಬೇಕಾಗಿತ್ತು. ಈ ರೋಗಿಯಲ್ಲಿ ಅದು ಇಳಿದಿತ್ತು. ರಂಜಕವನ್ನು ಮೂತ್ರದ ದಾರಿಯಲ್ಲಿ ಹೊರದೂಡಿ ರಕ್ತದ ಸುಣ್ಣವನ್ನು ಹೆಚ್ಚಿಸುವುದು ಕೊರಳಿನ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನಿನ ಗುಣ. ಹಾಗಿದ್ದರೆ ಅಂಥ ರಸವೊಂದನ್ನು ಅರ್ಬುದವೇ ಸ್ರವಿಸುತ್ತಿರಬಾರದೇಕೆ? ಗಂತಿಯ ಅಂಶದಲ್ಲಿ ಆ ಹಾರ್ಮೋನನ್ನು ಹುಡುಕಿದರು, ಸಿಕ್ಕಲಿಲ್ಲ. ಆದರೂ ಒಂದು ಇಳಿದ ಅಂಕಿಯನ್ನು ಕಡೆಗಣಿಸದೆ ಅದರ ಕಾರಣವನ್ನು ಕೇಳಿದ ಆ ಬುದ್ಧಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಮುಂದೆ ಹಲವು ವರ್ಷ, ಗಂತಿಗಳು ಸ್ರವಿಸುವುದು ಪ್ಯಾರಾಥೈರಾಯ್ಡ್ ಹಾರ್ಮೋನನ್ನೇ ಎಂಬ ನಂಬಿಕೆ ಬಲವಾಗಿತ್ತು. ಅಳೆಯುವ ವಿಧಾನಗಳು ಸೂಕ್ಷ್ಮವಾದಂತೆ, ಇಂಥ ರೋಗಿಗಳ ರಕ್ತದಲ್ಲಿ ಆ ಹಾರ್ಮೋನು ತಗ್ಗಿರುವುದೇ ಕಂಡುಬಂತು. 1987ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಟಿ. ಜೆ. ಮಾರ್ಟಿನ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿನ ಜೀವಕೋಶಗಳಿಂದ ನಿಜವಾದ ವಸ್ತುವನ್ನು ಬೇರ್ಪಡಿಸಿದರು. 141 ಅಮೈನೋ ಆಮ್ಲಗಳ ಆ ಪ್ರೋಟೀನಿನ ಮೊದಲ 13ರಲ್ಲಿ 8 ಪ್ಯಾರಾಥೈರಾಯ್ಡ್ ಹಾರ್ಮೋನಿನವೇ ಆಗಿದ್ದವು. ಅಷ್ಟು ಸಾಮ್ಯದಿಂದಲೇ ಅದು ಎಲುಬನ್ನೂ ಮೂತ್ರಪಿಂಡವನ್ನೂ ವಂಚಿಸುತ್ತಿತ್ತು. ಆ ಹಾರ್ಮೋನು, ಈ ಪ್ರೋಟೀನು ಎರಡಕ್ಕೂ ಓಗೊಡುವ ಒಂದೇ ಗ್ರಾಹಕವನ್ನು 1991ರಲ್ಲಿ ಗುರುತಿಸಿದ್ದು ಆಲ್‌ಬ್ರೈಟ್ ದುಡಿದ ಆಸ್ಪತ್ರೆಯಲ್ಲಿಯೇ. ಅವರಿಗೆ ಇದಾವುದೂ ತಿಳಿಯಲಿಲ್ಲ. ಪಾರ್ಕಿನ್ಸನ್ ರೋಗಕ್ಕಾಗಿ 1956ರಲ್ಲಿ ಮಾಡಿದ ಮೆದುಳಿನ ಶಸ್ತ್ರಚಿಕಿತ್ಸೆ ವಿಫಲವಾಗಿ, 1969ರಲ್ಲಿ ತೀರಿಕೊಳ್ಳುವವರೆಗೂ ಅವರು ಅರಿವಿಲ್ಲದೆ ಮಲಗಿದ್ದರು.

ಈ ಪ್ರೋಟೀನನ್ನು ಅರ್ಬುದವು ಹೊಸತಾಗಿ ಸೃಷ್ಟಿಸಿದ್ದೂ ಅಲ್ಲ. ಗರ್ಭದ ಶಿಶುವಿನ ಮೃದ್ವಸ್ಥಿಯು ಅಕಾಲದಲ್ಲಿ ಗಡುಸಾಗದಂತೆ ಕಾಯುವುದೂ, ಹಾಲೂಡುವ ತಾಯಿಯ ಎಲುಬಿನಿಂದ ಮೊಲೆಹಾಲಿಗೆ ಸುಣ್ಣವನ್ನು ಒದಗಿಸುವುದೂ ಇದರದೇ ಕೆಲಸ.